ಅರ್ಧರ್ಧ ಇಂಚು

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೇ ಇವರು ಮನೆಗೆ ಬಂದಾಗ ನಾನು ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದೆ. ಹನ್ನೊಂದು ವರ್ಷದ ಸಂಸಾರದಲ್ಲಿ ಇವರು ಕೆಲಸದ ದಿನ ಹೊತ್ತು ಮುಳುಗುವ ಮುಂಚೆ ಮನೆ ಸೇರಿದ್ದು ಎರಡೇ ಸಲ, ಎರಡು ಸಲವೂ ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಣೆ ಮುಟ್ಟಿ ನೋಡೋಣವೆಂದು ಎದ್ದೆ. ನನ್ನ ಕೈ ತಳ್ಳಿಬಿಟ್ಟರು.

"ನೂರಾ ನಾಲ್ಕಂತೆ," ಅಂದರು.

"ಅಯ್ಯೋ, ಅಷ್ಟೊಂದು ಜ್ವರಾನಾ?"

"ಜ್ವರ ಅಲ್ಲ ಕಣೇ, ತೂಕ!"

ಇವರದು ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸ. ತಾರಸಿಯಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದುಕೊಂಡು, ಇಪ್ಪತ್ತೆರಡನೆಯ ಮಹಡಿಯಿಂದ ಒಂದೊಂದೇ ಕಿಟಕಿ ಒರೆಸುತ್ತ ಕೆಳಗೆ ಬರುತ್ತಾರೆ. ಆ ಪಟ್ಟಿಗಳ ಜೋಡಣೆಗೆ ಇವರೆಲ್ಲ ‘ಬೆಲ್ಟು’ ಅನ್ನುತ್ತಾರೆ. ಕಂಪನಿಯವರು ಈ ಸಲ ಹೊಸ ಬೆಲ್ಟುಗಳನ್ನು ತರಿಸಿದ್ದರು. ಅದರ ಮೇಲೆ ‘ನೂರು ಕಿಲೋದವರೆಗೆ’ ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ಓದಿದ ಮೇಸ್ತ್ರಿ ಒಂದು ತೂಕದ ಮಿಷನ್ನನ್ನೂ ತರಿಸಿ, ಎಲ್ಲರನ್ನೂ ಸಾಲಾಗಿ ಅದರ ಮೇಲೆ ನಿಲ್ಲಿಸಿದ. ಕೆಲಸಕ್ಕೆ ಸೇರಿದಾಗ ತೊಂಬತ್ತನಾಲ್ಕು ಇದ್ದ ಇವರು ಈಗ ನೂರಾ ನಾಲ್ಕು. ಎಲ್ಲರೆದುರು ಗಟ್ಟಿಯಾಗಿ ಓದಿದನಂತೆ. ಹತ್ತು ವಾರ ನೆಲದ ಕೆಲಸ, ಅಷ್ಟರಲ್ಲಿ ನೂರರ ಕೆಳಗೆ ಬರದಿದ್ದರೆ ಇನ್ನು ಯಾವತ್ತೂ ಹಗ್ಗ ಹಿಡಿಯುವ ಹಾಗಿಲ್ಲ, ಉಗ್ರಾಣದಲ್ಲಿ ಬಕೆಟ್ಟು ಎಣಿಸಿಕೊಂಡಿರಬೇಕು.

"ಮಿಷನ್ನೇ ಸರಿ ಇಲ್ಲ," ಎಂದು ಇವರು ನಮ್ಮ ಎರಡು ಕೋಣೆಯ ಮನೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯತೊಡಗಿದರು. "ನೀನೇ ಹೇಳು. ಇದು ನಾಲ್ಕು ವರ್ಷದ ಪ್ಯಾಂಟು. ನೀನೇ ಹೊಲಿದಿದ್ದು. ಸೊಂಟ ಮೂವತ್ತಾರು. ನೋಡಿಲ್ಲಿ, ಎರಡು ಬೆರಳು ಆರಾಮಾಗಿ ಹೋಗುತ್ತೆ. ಹತ್ತು ಕಿಲೋ ಏರಿದ್ರೆ ಈ ಪ್ಯಾಂಟು ಹತ್ತುತ್ತಾ?"

ಎರಡು ಬೆರಳು ಸೊಂಟದ ಪಟ್ಟಿಯೊಳಗೆ ತೂರಿಸಿ ತೋರಿಸಿದರು. ನಾನು ಬಗ್ಗಿ, ನೆಲಕ್ಕೆ ಬಿದ್ದಿರದ ಸೂಜಿಯನ್ನು ಹುಡುಕಿದೆ.

ಯಾಕೆಂದರೆ ಆ ಪ್ಯಾಂಟು ಮೂವತ್ತಾರಲ್ಲ. ನಲವತ್ತೂವರೆ. ನಾಲ್ಕೂವರೆ ಇಂಚನ್ನು ಅರ್ಧರ್ಧ ಇಂಚಾಗಿ ಒಂಬತ್ತು ಸಲ ಬಿಟ್ಟವಳು ನಾನೇ.

ಶುರುವಾದದ್ದು ನನ್ನ ತಂಗಿಯ ಮನೆಯ ಊಟದಲ್ಲಿ. ಇವರು ಜೋರಾಗಿ ನಗುವಾಗ ಪ್ಯಾಂಟಿನ ಗುಂಡಿ ಕಿತ್ತು ಹಾರಿ ಎದುರಿಗಿದ್ದ ಅವಳ ಗಂಡನ ತಟ್ಟೆಯಲ್ಲಿ ಬಿತ್ತು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಇವರು ಎಲ್ಲರಿಗಿಂತ ಜೋರಾಗಿ ನಕ್ಕರು, ಆಮೇಲೆ ಹೊರಡುವವರೆಗೂ ಮಡಿಲ ಮೇಲೆ ದಿಂಬು ಇಟ್ಟುಕೊಂಡೇ ಕೂತರು. ಮರುದಿನ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಪ್ಯಾಂಟನ್ನು ಒಳಮಗ್ಗುಲು ಹೊರಬರುವ ಹಾಗೆ ತಿರುವಿದೆ. ಹಿಂಬದಿಯ ನಡು ಹೊಲಿಗೆಯಲ್ಲಿ ನಾನು ಯಾವಾಗಲೂ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತೇನೆ. ಬಿಚ್ಚಿದೆ, ಅರ್ಧ ಇಂಚು ಬಿಟ್ಟು ಮತ್ತೆ ಹೊಲಿದೆ, ಇಸ್ತ್ರಿ ಒತ್ತಿ ಹಳೆಯ ಗುರುತು ಅಳಿಸಿದೆ. ಇವರ ಸ್ನಾನ ಅರ್ಧ ಗಂಟೆಯದ್ದು, ನನ್ನ ಕೆಲಸ ಹತ್ತು ನಿಮಿಷದ್ದು. ಕೆಲಸದ ಮೂರೂ ಪ್ಯಾಂಟುಗಳನ್ನೂ ಅದೇ ವಾರ ಮುಗಿಸಿದೆ.

ಆಮೇಲೆ ಅದೊಂದು ರೂಢಿಯಾಗಿಬಿಟ್ಟಿತು. ಇವರು ಪ್ಯಾಂಟು ಏರಿಸುವಾಗ ಉಸಿರು ಹಿಡಿದರೆ ನನಗೆ ಕೇಳಿಸುತ್ತಿತ್ತು. ಮರುದಿನ ಬಿಚ್ಚುತ್ತಿದ್ದೆ. ಆರನೆಯ ಸಲಕ್ಕೆ ಒಳಗಿನ ಬಟ್ಟೆ ಮುಗಿಯಿತು. ಆಗ ಸೊಂಟಪಟ್ಟಿಯ ಕೆಳಗೆ ಅದೇ ಬಣ್ಣದ ಮುಕ್ಕೋನದ ತುಂಡು ಸೇರಿಸಿದೆ. ಅಷ್ಟು ಚೆನ್ನಾಗಿ ಸೇರಿಸಿದೆ ಅಂದರೆ, ಹೇಳಿಕೊಳ್ಳುವ ಹಾಗಿದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಪ್ರೀತಿಯಿಂದಲೇ ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಲ್ಪ ಜಂಬವೂ ಇತ್ತು.

ಬುಧವಾರ ಕಂಪನಿಯವರೇ ಇವರನ್ನು ಒಂದು ಆಸ್ಪತ್ರೆಯ ಆಹಾರದ ಮೇಡಂ ಹತ್ತಿರ ಕಳಿಸಿದರು. ಒಬ್ಬರೇ ಹೋದರೆ ಜಗಳ ಮಾಡಿಕೊಂಡು ಬರುತ್ತಾರೆಂದು ನಾನೂ ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ಮೇಜಿನ ತುಂಬ ರಬ್ಬರಿನ ಬ್ರೆಡ್ಡು, ರಬ್ಬರಿನ ಬಾಳೆಹಣ್ಣು, ನಡುವೆ ಹಳದಿ ಬಣ್ಣದ ಒಂದು ಉಂಡೆ. ಇವರು ಕೂತ ಕೂಡಲೇ ಅದನ್ನೆತ್ತಿ ಹಿಚುಕತೊಡಗಿದರು.

"ಅದು ಒಂದು ಕಿಲೋ ಕೊಬ್ಬು," ಅಂದಳು ಮೇಡಂ. "ಅಂದ್ರೆ, ಕೊಬ್ಬಿನ ಗೊಂಬೆ. ನಿಜವಾದ್ದಾದ್ರೆ ಅದರಲ್ಲಿ ಸುಮಾರು ಏಳು ಸಾವಿರದ ಏಳುನೂರು ಕ್ಯಾಲೊರಿ ಇರುತ್ತೆ."

ಇವರು ಅದನ್ನು ಬಿಸಿ ಪಾತ್ರೆಯೆಂಬಂತೆ ಕೆಳಗಿಟ್ಟರು.

ಅವಳು ಹೇಳಿದ್ದು ನನಗೆ ತಕ್ಷಣ ಅರ್ಥವಾಯಿತು. ಬಟ್ಟೆಗೆ ಇಂಚು ಹೇಗೋ, ತಿಂದದ್ದರೊಳಗಿನ ಶಕ್ತಿಗೆ ಕ್ಯಾಲೊರಿ ಹಾಗೆ, ಬರೀ ಅಳತೆ. ಉಸಿರಾಡಿದರೂ ಅದು ಖರ್ಚು, ಮಲಗಿದರೂ ಖರ್ಚು, ಮೆಟ್ಟಿಲು ಹತ್ತಿದರೆ ಇನ್ನಷ್ಟು ಖರ್ಚು. ಒಳಗೆ ಬಂದದ್ದು ಖರ್ಚಾದದ್ದಕ್ಕಿಂತ ಜಾಸ್ತಿಯಾದರೆ ಮೈ ಅದನ್ನು ಬಿಸಾಡುವುದಿಲ್ಲ. ನಾನು ಉಳಿದ ಚಿಂದಿಯನ್ನೆಲ್ಲ ಗಂಟು ಕಟ್ಟಿ ಮಂಚದ ಕೆಳಗೆ ತುರುಕುವ ಹಾಗೆ, ಮುಂದೆ ಬೇಕಾದೀತೆಂದು ತುಂಬಿಟ್ಟುಕೊಳ್ಳುತ್ತದೆ.

"ಹತ್ತು ವರ್ಷದಿಂದ ತಿನ್ನೋದು ಅದೇ ಮೇಡಂ," ಅಂದರು ಇವರು. "ಬೆಳಿಗ್ಗೆ ಆರು ತುಂಡು ಬ್ರೆಡ್ಡು, ಬೆಣ್ಣೆ, ಎರಡು ಮೊಟ್ಟೆ. ನಾಲ್ಕು ಸಲ ಟೀ. ಸಂಜೆ ಒಂದು ಹಿಡಿ ಕಡಲೆಬೀಜ. ಒಂದು ತುಂಡು ಜಾಸ್ತಿ ಇಲ್ಲ, ಒಂದು ತುಂಡು ಕಮ್ಮಿ ಇಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

ನಿಜ. ನಾನು ತಲೆಯಾಡಿಸಿದೆ.

"ತಿನ್ನೋದು ಅದೇ ಸರಿ. ಮಾಡೋ ಕೆಲಸನೂ ಅದೇನಾ?"

"ಅದೇ ಕೆಲಸ, ಅದೇ ಕಟ್ಟಡ," ಅಂದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಮೊದಲು ಲಿಫ್ಟು ಇರಲಿಲ್ಲವಲ್ಲ," ಎಂದುಬಿಟ್ಟೆ.

ಇರಲಿಲ್ಲ. ಒರೆಸುವವರನ್ನು ಲಿಫ್ಟಿಗೆ ಬಿಡುತ್ತಿರಲಿಲ್ಲ. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಇಪ್ಪತ್ತೆರಡು ಮಹಡಿ ಹತ್ತಬೇಕು, ಇಳಿಯುತ್ತ ಒರೆಸಬೇಕು, ಮತ್ತೆ ಹತ್ತಬೇಕು, ದಿನಕ್ಕೆ ಮೂರು ಸಲ. ನಾಲ್ಕು ವರ್ಷದ ಹಿಂದೆ ಕೆಲಸದವರಿಗೇ ಒಂದು ಲಿಫ್ಟು ಮಾಡಿಸಿದರು. ಆ ದಿನ ಇವರು ಸಂತೋಷಕ್ಕೆ ಒಂದು ಡಬ್ಬಿ ಬಿಸ್ಕತ್ತು ತಂದಿದ್ದರು.

ಮೇಡಂ ಕಾಗದದ ಮೇಲೆ ಗೀಚಿದಳು. "ದಿನಕ್ಕೆ ಇನ್ನೂರರ ಹತ್ತಿರ. ಹೆಚ್ಚೇನಲ್ಲ. ಎರಡು ಟೀ, ನಾಲ್ಕು ಬಿಸ್ಕತ್ತು ಅಂದ್ಕೊಳ್ಳಿ. ಆ ಖರ್ಚು ನಿಂತುಹೋಯ್ತು, ಊಟ ಅಷ್ಟೇ ಉಳೀತು."

ನಾನು ಮನಸ್ಸಿನಲ್ಲೇ ಗುಣಿಸಿ ಭಾಗಿಸಿದೆ. "ಹಾಗಾದ್ರೆ ನಾಲ್ಕು ವರ್ಷಕ್ಕೆ ಮೂವತ್ತು ಕಿಲೋ ಮೇಲೆ ಏರಬೇಕಿತ್ತಲ್ಲ ಮೇಡಂ?"

"ಅಷ್ಟು ಸೀದಾ ಇಲ್ಲ ಅಕ್ಕಾ. ಮೈ ಭಾರ ಆದಷ್ಟೂ ಅದನ್ನ ಹೊತ್ಕೊಂಡು ತಿರುಗೋಕೂ ಖರ್ಚು ಜಾಸ್ತಿ. ಅದಕ್ಕೇ ಏರಿ ಏರಿ ಒಂದು ಕಡೆ ನಿಲ್ಲುತ್ತೆ. ಇಳಿಯೋವಾಗಲೂ ಹಾಗೇ, ಮೊದಮೊದಲು ಬೇಗ, ಆಮೇಲೆ ನಿಧಾನ. ದಿನಕ್ಕೆ ಒಂದು ಐನೂರು ಕಮ್ಮಿ ಆಗೋ ಹಾಗೆ ನೋಡ್ಕೊಂಡ್ರೆ ಹತ್ತು ವಾರದಲ್ಲಿ ನೂರರ ಕೆಳಗೆ ಬರಬಹುದು. ಬೆಣ್ಣೆ, ಸಕ್ಕರೆ, ಕಡಲೆಬೀಜ ಇಲ್ಲಿಂದ ಸ್ವಲ್ಪ, ಮೆಟ್ಟಿಲಿಂದ ಸ್ವಲ್ಪ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಟೇಪು ತೆಗೆದು ಇವರ ಸೊಂಟ ಅಳೆದಳು. ನಲವತ್ತೂವರೆ ಅಂದಳು. ಇವರ ಮುಖ ಅರಳಿತು.

"ನಿಮ್ಮ ತಪ್ಪು ಸಿಕ್ಕಿಬಿತ್ತು ನೋಡಿ! ಈ ಪ್ಯಾಂಟಿನ ಸೊಂಟ ಮೂವತ್ತಾರು. ಹೊಲಿದವಳು ಪಕ್ಕದಲ್ಲೇ ಕೂತಿದ್ದಾಳೆ. ಇಪ್ಪತ್ತು ವರ್ಷದಿಂದ ಇದೇ ಕಸುಬು, ಇವಳ ಅಳತೆ ಒಂದು ನೂಲಿನಷ್ಟೂ ತಪ್ಪಲ್ಲ."

ಮೇಡಂ ಗೊಂದಲದಿಂದ ನನ್ನ ಕಡೆ ತಿರುಗಿದಳು. "ಹೌದಾ ಅಕ್ಕಾ? ಇದು ಮೂವತ್ತಾರೇನಾ?"

ಇವರು ನನ್ನನ್ನೇ ನೋಡುತ್ತಿದ್ದರು, ಸಾಕ್ಷಿಕಟ್ಟೆಯಲ್ಲಿ ನಿಂತ ತಮ್ಮ ಕಡೆಯವಳನ್ನು ನೋಡುವ ಹಾಗೆ.

"ಹೊಲಿದಾಗ ಮೂವತ್ತಾರೇ," ಅಂದೆ.

ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಕೆಟ್ಟದ್ದಾಗಿರುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಇವರು ಬೀದಿಯಲ್ಲಿ ಹಾಡಿಕೊಳ್ಳುತ್ತ ನಡೆದರು. ಮಿಷನ್ನೂ ಕೆಟ್ಟಿದೆ, ಆ ಹುಡುಗಿಗೆ ಟೇಪು ಹಿಡಿಯಲೂ ಬರುವುದಿಲ್ಲ. ಬೇಕರಿಯ ಮುಂದೆ ನಿಂತು ನನಗೊಂದು, ತಮಗೆರಡು ಬನ್ನು ಕೊಂಡರು. ನಾನು ನನ್ನದನ್ನು ತಿನ್ನದೆ ಕೈಚೀಲದಲ್ಲಿ ಹಾಕಿಕೊಂಡೆ, ಮನೆ ತಲುಪುವ ಹೊತ್ತಿಗೆ ಅದು ಅಪ್ಪಚ್ಚಿಯಾಗಿತ್ತು.

ಗುರುವಾರ ನೆಲದ ಕೆಲಸ ಮಾಡಿ ಬಂದರು. ಹಾಡು ನಿಂತಿತ್ತು. ದಿನವಿಡೀ ಬಕೆಟ್ಟು ತೊಳೆದರಂತೆ, ಮೇಲೆ ನೇತಾಡುವವರ ಕಾಲಿನ ಕೆಳಗೆ ನಿಂತು ಹಗ್ಗ ಸರಿ ಮಾಡಿದರಂತೆ. ಇವರ ಗೆಳೆಯನೊಬ್ಬನಿದ್ದಾನೆ, ಬಡಕಲು ಆಸಾಮಿ, ಎಲ್ಲರೂ ಗಾಳಿಪಟ ಎಂದೇ ಕರೆಯುವುದು. ಅವನು ಮೇಲಿಂದ ಕೈ ಬೀಸಿದನಂತೆ, ಇವರು ನೋಡದವರ ಹಾಗೆ ಇದ್ದರಂತೆ. ಮನೆಯಲ್ಲಿ ಕೂರಲಾರರು, ನಿಲ್ಲಲಾರರು. ಕಿಟಕಿ ತೆಗೆಯುವುದು, ಹಾಕುವುದು. ನನಗೂ ಹೊಲಿಗೆ ನೇರ ಬರುತ್ತಿರಲಿಲ್ಲ, ಒಂದೇ ಜೇಬನ್ನು ಮೂರು ಸಲ ಬಿಚ್ಚಿದೆ.

"ಏನ್ರೀ, ನಿಮಗೊಂದು ಮಾತು ಹೇಳ್ಬೇಕು," ಎಂದು ಶುರು ಮಾಡಿದೆ.

"ನೀನೂ ಅದನ್ನೇ ಹೇಳ್ತೀಯ. ಬೆಣ್ಣೆ ಬಿಡು, ಸಕ್ಕರೆ ಬಿಡು."

"ಅದಲ್ಲ."

"ಮತ್ತೇನು?"

"ಕಿಟಕಿ ಬಿಡಿ. ಚಿಲಕ ಕಿತ್ತು ಬರುತ್ತೆ," ಅಂದೆ. ಹೇಡಿ ನಾನು.

ಶುಕ್ರವಾರ ಇವರು ಒಂದು ಗೋಣಿಚೀಲ ತಂದು ನನ್ನ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿಸಿದರು. ಹಳೆಯ ಬೆಲ್ಟು, ಕಂಪನಿಯವರು ಎಸೆಯಲು ಇಟ್ಟಿದ್ದನ್ನು ಗಾಳಿಪಟ ಎತ್ತಿಟ್ಟಿದ್ದನಂತೆ. ಭಾನುವಾರ ಬೇರೊಂದು ಕಟ್ಟಡದಲ್ಲಿ ಅವನ ಸ್ವಂತ ಕೆಲಸವಿದೆ, ಹದಿನಾಲ್ಕು ಮಹಡಿ. ಇವರು ಅಲ್ಲಿ ಇಳಿಯುತ್ತಾರೆ, ಗಾಳಿಪಟ ಫೋನಿನಲ್ಲಿ ವಿಡಿಯೋ ತೆಗೆಯುತ್ತಾನೆ, ಸೋಮವಾರ ಅದನ್ನು ಮೇಸ್ತ್ರಿಯ ಮುಖಕ್ಕೆ ಹಿಡಿಯುವುದು.

"ತೊಡೆಪಟ್ಟಿ ಹತ್ತಿರ ಸ್ವಲ್ಪ ನೂಲು ಎದ್ದಿದೆ. ಗಟ್ಟಿಯಾಗಿ ನಾಲ್ಕು ಹೊಲಿಗೆ ಹಾಕ್ಕೊಡು."

ನಾನು ಪಟ್ಟಿಯನ್ನು ಬೆಳಕಿಗೆ ಹಿಡಿದೆ. ನೂಲಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿಲಿಗೆ ಸತ್ತ ನೂಲು ಅದು. ಉಗುರಿನಿಂದ ಕೆದಕಿದರೆ ಪುಡಿಯಾಗಿ ಉದುರಿತು. ನೂರು ಕಿಲೋ ಎಂಬ ಅಕ್ಷರ ಇಲ್ಲೂ ಇತ್ತು, ಅರ್ಧ ಮಾಸಿತ್ತು. ಇವರು ನೂರಾ ನಾಲ್ಕು, ಜೊತೆಗೆ ನೀರು ತುಂಬಿದ ಬಕೆಟ್ಟು.

"ಇದಕ್ಕೆ ನಾನು ಹೊಲಿಗೆ ಹಾಕಲ್ಲ."

"ಯಾಕೆ?"

"ನನ್ನ ದಾರ ಅಂಗಿಗೆ, ಪ್ಯಾಂಟಿಗೆ. ಪ್ಯಾಂಟಿನ ಹೊಲಿಗೆ ಬಿಟ್ರೆ ಜನ ನಗ್ತಾರೆ. ಇದು ಬಿಟ್ರೆ ನಾನು ನಿಮ್ಮನ್ನ ಎಲ್ಲಿ ಅಂತ ಹುಡುಕಲಿ?"

"ಬಾಯಲ್ಲಿ ಒಳ್ಳೇ ಮಾತು ಬರಲ್ವಾ ನಿನಗೆ? ಸರಿ, ನೀನು ಹಾಕ್ಬೇಡ. ಚಪ್ಪಲಿ ಹೊಲಿಯೋನು ಹಾಕ್ತಾನೆ."

ಮರುದಿನ ಊಟ ಮುಗಿಸಿ, ಕೆಲಸದ ಪ್ಯಾಂಟು ಕಳಚಿ ಲುಂಗಿ ಉಟ್ಟು, ಬೆಲ್ಟು ತೆಗೆದುಕೊಂಡು ಹೋದರು. ಕಿಟಕಿಯಿಂದ ನೋಡಿದೆ. ಗೋಣಿಚೀಲ ಹೆಗಲ ಮೇಲೆ, ನಡಿಗೆಯಲ್ಲಿ ಗೆದ್ದವರ ಠೀವಿ. ಆ ಠೀವಿ ನನ್ನ ಕೈಯಿಂದಲೇ ಬಂದದ್ದು. ಮೇಸ್ತ್ರಿ ಹೇಳಿದ, ಮಿಷನ್ನು ಹೇಳಿತು, ಓದಿದ ಹುಡುಗಿ ಹೇಳಿದಳು, ಯಾರ ಮಾತೂ ಇವರಿಗೆ ಬೇಡವಾಯಿತು. ನನ್ನ ಹೊಲಿಗೆಯನ್ನು ನಂಬಿ ಹದಿನಾಲ್ಕು ಮಹಡಿಯ ತುದಿಯಿಂದ ಕಾಲು ಕೆಳಗೆ ಬಿಡಲು ಹೊರಟಿದ್ದಾರೆ.

ಬಾಗಿಲಿಗೆ ಚಿಲಕ ಹಾಕಿದೆ. ಮೂರು ಪ್ಯಾಂಟುಗಳನ್ನೂ ತಂದು ಒಳಮಗ್ಗುಲು ಮಾಡಿದೆ. ಎರಡನ್ನು ಬಿಚ್ಚಿದೆ. ಮುಕ್ಕೋನದ ತುಂಡುಗಳನ್ನು ಕತ್ತರಿಸಿ ತೆಗೆದೆ, ಎಲ್ಲಕ್ಕಿಂತ ಒಳಗಿದ್ದ ಹಳೆಯ ಸೂಜಿತೂತುಗಳ ಮೇಲೆಯೇ ಹೊಲಿದು ಮೂವತ್ತಾರಕ್ಕೆ ತಂದೆ. ಮೂರನೆಯದನ್ನು ಸಾಕ್ಷಿಗಿರಲಿ ಎಂದು ಹಾಗೆಯೇ ಮಡಿಸಿ ಅಡಗಿಸಿಟ್ಟೆ. ಬಾಯಿಂದ ಬಾರದ್ದನ್ನು ಪ್ಯಾಂಟೇ ಹೇಳಲಿ, ಇವರು ಬೈಯಲಿ, ಎರಡು ದಿನ ಮಾತು ಬಿಡಲಿ, ಮುಗಿಯಿತು ಎಂದು ನನ್ನ ಲೆಕ್ಕ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗಾಳಿಪಟ ಕೆಳಗೆ ಬಂದು ನಿಂತು ಶಿಳ್ಳೆ ಹೊಡೆದ. ನಮ್ಮದು ನಾಲ್ಕನೆಯ ಮಹಡಿ, ಆದರೂ ಕೇಳಿಸಿತು. ಇವರು ಸ್ನಾನ ಮುಗಿಸಿ ಪ್ಯಾಂಟು ಏರಿಸಿದರು. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಉಸಿರು ಹಿಡಿದದ್ದು ಕೇಳಿಸಿತು. ಮತ್ತೊಮ್ಮೆ ಹಿಡಿದರು. ಆಮೇಲೆ ಎರಡನೆಯ ಪ್ಯಾಂಟಿನ ಸದ್ದು. ಆಮೇಲೆ ಸದ್ದೇ ಇಲ್ಲ.

ತಿರುಗಿ ನೋಡಿದರೆ ಇವರು ಮಂಚದ ಮೇಲೆ ಕೂತಿದ್ದರು. ಗುಂಡಿಗೂ ಕಾಜಕ್ಕೂ ನಡುವೆ ನನ್ನ ಅಂಗೈಯಷ್ಟು ಹೊಟ್ಟೆ. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ನಿನ್ನೆ ಹತ್ತುತ್ತಿತ್ತು ಕಣೇ," ಅಂದರು. "ಒಂದೇ ದಿನಕ್ಕೆ ಇಷ್ಟು ಊದಿದೀನಿ. ನನಗೇನೋ ಆಗಿದೆ. ದೊಡ್ಡ ಕಾಯಿಲೆನೇ ಇರ್ಬೇಕು. ಯಾರಿಗೂ ಹೇಳ್ಬೇಡ."

ಇದನ್ನು ನಾನು ಎಣಿಸಿರಲಿಲ್ಲ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಇವರು ತಮ್ಮ ಮೈಯನ್ನು ಅನುಮಾನಿಸಿದರೇ ಹೊರತು ನನ್ನನ್ನು ಅನುಮಾನಿಸಲಿಲ್ಲ. ಪಕ್ಕದಲ್ಲಿ ಕೂತು, ಮೂರನೆಯ ಪ್ಯಾಂಟನ್ನು ಒಳಮಗ್ಗುಲು ಮಾಡಿ ಇವರ ತೊಡೆಯ ಮೇಲೆ ಹರಡಿದೆ.

"ಕಾಯಿಲೆ ಅಲ್ಲ. ನಾನು," ಅಂದೆ. "ಇದು ಮೊದಲಿನ ಹೊಲಿಗೆ. ಇಲ್ನೋಡಿ, ತೂತಿನ ಸಾಲು. ಇದು ಒಂದನೇ ಸಲ ಬಿಟ್ಟಿದ್ದು. ಇದು ಎರಡನೇದು."

ಇವರು ಉಗುರಿನಿಂದ ಸಾಲುಗಳನ್ನು ಮುಟ್ಟುತ್ತ ಹೋದರು. ಆರು. ಆಮೇಲೆ ಮುಕ್ಕೋನದ ತುಂಡು, ಅದನ್ನು ಮೂರು ಸಲ ಅಗಲ ಮಾಡಿದ ಗುರುತು. ಕೆಳಗೆ ಗಾಳಿಪಟ ಮತ್ತೆ ಶಿಳ್ಳೆ ಹೊಡೆದ. ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಇವರು ಎತ್ತಲಿಲ್ಲ.

"ಆ ಹುಡುಗಿ ಹತ್ರ, ಇವಳ ಅಳತೆ ತಪ್ಪಲ್ಲ ಅಂದೆ," ಅಂದರು.

"ಹೌದು."

"ಮೇಸ್ತ್ರಿಗೆ ಸುಳ್ಳುಗಾರ ಅಂದೆ. ಎಲ್ಲರ ಮುಂದೆ. ಈ ಪ್ಯಾಂಟು ತೋರಿಸಿ."

ಹೊಡೆದಿದ್ದರೆ ಹಗುರಾಗುತ್ತಿದ್ದೆನೇನೋ.

"ಮೊದಲನೇ ಸಲ ಯಾವಾಗ?"

"ತಂಗಿ ಮನೆಯಲ್ಲಿ ಗುಂಡಿ ಹಾರಿದ ಮಾರನೇ ದಿನ. ನೀವು ದಿಂಬು ಇಟ್ಕೊಂಡು ಕೂತಿದ್ರಲ್ಲ, ನನಗೆ ನೋಡೋಕಾಗಲಿಲ್ಲ."

ಇವರು ಆ ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟರು.

"ಆ ದಿನ ದಾರಿ ಉದ್ದಕ್ಕೂ ಯೋಚನೆ ಮಾಡ್ಕೊಂಡು ಬಂದಿದ್ದೆ," ಅಂದರು. "ನಾಳೆಯಿಂದ ಲಿಫ್ಟು ಬೇಡ, ಮೆಟ್ಟಿಲೇ ಹತ್ತೋಣ ಅಂತ. ಗಾಳಿಪಟನಿಗೂ ಫೋನ್ ಮಾಡಿ ಹೇಳಿದ್ದೆ. ಬೆಳಿಗ್ಗೆ ಎದ್ದು ಪ್ಯಾಂಟು ಹಾಕಿದ್ರೆ ಸರಿಯಾಗಿತ್ತು. ಅಷ್ಟೇನೂ ಆಗಿಲ್ಲ ಬಿಡು ಅಂದ್ಕೊಂಡೆ."

ಬೈದದ್ದಲ್ಲ. ಕೆಲಸದ ವಿಷಯ ಹೇಳುವ ದನಿಯಲ್ಲೇ ಹೇಳಿದರು. ನನಗೆ ಅಳು ಬಂತು, ಅತ್ತೆ. ಇವರು ಸಮಾಧಾನ ಮಾಡಲಿಲ್ಲ. ಮಲಗುವಾಗ ಹಾಕುವ ಲಾಡಿ ಚಡ್ಡಿ ಹಾಕಿಕೊಂಡು ಎದ್ದರು, ಮೂಲೆಯಲ್ಲಿದ್ದ ಬೆಲ್ಟು ತೆಗೆದುಕೊಂಡರು.

"ಎಲ್ಲಿಗೆ?"

"ಇದನ್ನ ಅವನಿಗೆ ವಾಪಸ್ ಕೊಟ್ಟು ಬರ್ತೀನಿ. ಅವನೂ ಹಾಕ್ಕೊಳ್ದಿರೋ ಹಾಗೆ ಕತ್ತರಿಸಿ ಕೊಡ್ತೀನಿ. ಕತ್ತರಿ ಎಲ್ಲಿ?"

ನನ್ನ ಬಟ್ಟೆಯ ಕತ್ತರಿಯನ್ನು ಯಾರಿಗೂ ಮುಟ್ಟಲು ಕೊಡುವುದಿಲ್ಲ. ಕೊಟ್ಟೆ. ತೊಡೆಪಟ್ಟಿಯನ್ನು ಎರಡು ತುಂಡು ಮಾಡಿ, ಬಾಗಿಲಲ್ಲಿ ನಿಂತು ಮಂಚದ ಮೇಲಿನ ಪ್ಯಾಂಟುಗಳ ಕಡೆ ಕೈ ತೋರಿಸಿದರು.

"ಆ ಎರಡು ಹಾಗೇ ಇರಲಿ. ಬಿಡಬೇಡ, ಹಿಡೀಬೇಡ. ಮುಟ್ಟಲೇಬೇಡ."

ಕಿಟಕಿಯಿಂದ ನೋಡಿದೆ. ಕೆಳಗೆ ಇಬ್ಬರೂ ಮಾತಾಡಿದರು. ಗಾಳಿಪಟ ತಲೆ ಮೇಲೆ ಕೈ ಹೊತ್ತು ಹೊರಟುಹೋದ. ಇವರು ಸ್ವಲ್ಪ ಹೊತ್ತು ಬೀದಿಯಲ್ಲೇ ನಿಂತು, ಕಟ್ಟಡದ ಬಾಗಿಲೊಳಗೆ ಬಂದರು. ನಾನು ಲಿಫ್ಟಿನ ಸದ್ದಿಗೆ ಕಿವಿಗೊಟ್ಟೆ. ಲಿಫ್ಟು ಅಲ್ಲಾಡಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಮೊದಲ ಮಹಡಿಯವರೆಗೆ ಹೆಜ್ಜೆ ಜೋರಾಗಿ ಬಂತು. ಎರಡನೆಯದಕ್ಕೆ ನಿಧಾನವಾಯಿತು. ಅಲ್ಲಿ ನಿಂತುಬಿಟ್ಟಿತು. ಹಗ್ಗದ ಸುರುಳಿ ಹೊತ್ತು ಇಪ್ಪತ್ತೆರಡು ಮಹಡಿ ಹತ್ತುತ್ತಿದ್ದವರು, ಎರಡಕ್ಕೇ ಕಂಬಿ ಹಿಡಿದು ಏದುಸಿರು ಬಿಡುತ್ತಿರುವುದು ನಾನಿದ್ದಲ್ಲಿಗೆ ಕೇಳುತ್ತಿತ್ತು. ನನ್ನ ಕೈ ತಾನಾಗಿ ನೀರಿನ ಲೋಟಕ್ಕೆ ಹೋಯಿತು. ಕುರ್ಚಿಯನ್ನೂ ಎಳೆದೆ. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಲಿಫ್ಟಿನಲ್ಲಿ ಕರೆದುಕೊಂಡು ಬಂದರೆ ಎರಡು ನಿಮಿಷದ ಕೆಲಸ. ಇವರು ಬೇಡ ಅನ್ನುತ್ತಲೂ ಇರಲಿಲ್ಲ.

ಚಿಲಕದ ಮೇಲೆ ಕೈಯಿಟ್ಟವಳು ಅಲ್ಲೇ ನಿಂತೆ. ಕೆಳಗೆ ಉಸಿರಿನ ಸದ್ದು ಇನ್ನೂ ಬರುತ್ತಲೇ ಇತ್ತು. ಲೋಟವನ್ನು ಕೆಳಗಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡೆ. ಬಹಳ ಹೊತ್ತಾದ ಮೇಲೆ ಮತ್ತೊಂದು ಹೆಜ್ಜೆ ಕೇಳಿಸಿತು.

ನಾನು ಬಾಗಿಲು ತೆಗೆಯಲಿಲ್ಲ.